ಆರಿಹೋದ ಸೀಲಿಂಗ್ ಲೈಟ್: ಹೊಸ ಪ್ಯಾನೆಲ್ ತರಬೇಕೇ, ಡ್ರೈವರ್ ಬದಲಿಸಿದರೆ ಸಾಕೇ?

ಮನೆಯ ಎಲ್‌ಇಡಿ ಸೀಲಿಂಗ್ ಲೈಟ್ ಕೆಟ್ಟರೆ ಮೊದಲು ಅದರ ಡ್ರೈವರ್, ಅಂದರೆ ಎಲ್‌ಇಡಿಗಳಿಗೆ ಕರೆಂಟ್ ಕೊಡುವ ಪುಟ್ಟ ಡಬ್ಬಿ, ಅದೊಂದನ್ನೇ ಬದಲಿಸಿ ನೋಡಿ. ಪೂರ್ತಿ ಲೈಟ್ ತರುವ ಯೋಚನೆ ಆಮೇಲೆ ಇರಲಿ. ನಾನು ಇದನ್ನು ಪೂರಾ ಉಲ್ಟಾ ಮಾಡಿದೆ. ಮೊದಲು ಹೊಸ ಪ್ಯಾನೆಲ್ ತಂದೆ, ಅದು ಕೂರಲಿಲ್ಲ ಅಂತ ಮೇಲ್ಮೈಗೆ ಹಾಕುವ ಬಗೆಯದನ್ನು ತಂದೆ, ಮಧ್ಯೆ ಪ್ಯಾಸೇಜಿನ ಲೈಟೂ ಕೆಟ್ಟು ಅಲ್ಲಿಗೆ ಬಲ್ಬ್ ಹೋಲ್ಡರ್ ಹಾಕಿಸಿದ್ದಾಯಿತು. ಡ್ರೈವರ್ ಬದಲಿಸುವ ಬುದ್ಧಿ ಬಂದದ್ದು ಕೊನೆಗೆ. ಈಗ ಕೊನೆಯ ಮೂರೂ ನಮ್ಮ ಮನೆಯಲ್ಲೇ ಉರಿಯುತ್ತಿವೆ, ದಿನಾ ನೋಡುತ್ತೇನೆ.

ಹಾಲ್‌ನ ಫಾಲ್ಸ್ ಸೀಲಿಂಗ್‌ನಲ್ಲಿ ನಾಲ್ಕು ದುಂಡನೆಯ ಪ್ಯಾನೆಲ್‌ಗಳಿವೆ. ಬಾಗಿಲ ಹತ್ತಿರದ್ದು ಒಂದು ಸಂಜೆ ಮಿಣುಕಲು ಶುರುಮಾಡಿತು. ಸ್ವಿಚ್ ಹಾಕಿದರೆ ಹತ್ತುತ್ತದೆ, ಎರಡು ಸೆಕೆಂಡಿಗೆ ಆರುತ್ತದೆ, ಮತ್ತೆ ಹತ್ತುತ್ತದೆ. ವಾರದ ನಂತರ ಪೂರ್ತಿ ಆರಿತು. ಡಬ್ಬಿಯ ಮೇಲೆ 25,000 ಗಂಟೆ ಅಂತ ಬರೆದಿತ್ತು. ದಿನಕ್ಕೆ 5 ಗಂಟೆಯಂತೆ ಉರಿಸಿದರೂ ಹದಿಮೂರು ವರ್ಷ ದಾಟಬೇಕು. ನಮ್ಮದು ಮೂರು ವರ್ಷಕ್ಕೇ ಹೋಯಿತು.

ಆ ಗಂಟೆಗಳ ಲೆಕ್ಕ ಸಾಮಾನ್ಯವಾಗಿ ಎಲ್‌ಇಡಿಗಳದ್ದು, ಅಂದರೆ ಅವುಗಳ ಬೆಳಕು ಮೊದಲಿನ 70 ಪರ್ಸೆಂಟಿಗೆ ಇಳಿಯುವವರೆಗಿನ ಕಾಲ. ಡ್ರೈವರ್ ಮಾತ್ರ ಎಷ್ಟೋ ಸಲ ಅದಕ್ಕಿಂತ ಎಷ್ಟೋ ಮೊದಲೇ ಕೈಕೊಡುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಲೈಟ್ ಹೋಯಿತು, ಹೊಸದು ತರಬೇಕು, ಅಷ್ಟೇ ತಲೆಯಲ್ಲಿದ್ದದ್ದು.

ಹೊಸ ಪ್ಯಾನೆಲ್ ತಂದೆ. ಹಳೆಯದೂ 15 ವ್ಯಾಟ್, ಹೊಸದೂ 15 ವ್ಯಾಟ್. ಹಳೆಯದೂ 6 ಇಂಚು, ಹೊಸದೂ 6 ಇಂಚು. ಇನ್ನೇನು ಬೇಕು ಅಲ್ವಾ? ಮೇನ್ ಆಫ್ ಮಾಡಿ, ಏಣಿ ಹತ್ತಿ, ಹಳೆಯದನ್ನು ಎಳೆದು, ಹೊಸದರ ಎರಡು ಸ್ಪ್ರಿಂಗ್ ಕ್ಲಿಪ್ಪುಗಳನ್ನು ಮೇಲಕ್ಕೆ ಮಡಚಿ ಹಿಡಿದು ತೂತಿಗೆ ಒತ್ತಿದೆ. ಹೋಗಲಿಲ್ಲ. ಓರೆ ಮಾಡಿ ಒತ್ತಿದೆ, ತಿರುಗಿಸಿ ಒತ್ತಿದೆ. ಕೆಳಗೆ ಏಣಿ ಹಿಡಿದಿದ್ದ ತಮ್ಮ, "ಅಣ್ಣಾ, ಅದು ತೂತಿಗಿಂತ ದಪ್ಪ ಇದೆ, ಇಲ್ಲಿಂದಲೇ ಕಾಣ್ತಿದೆ" ಅಂದ.

ಇಳಿದು ಟೇಪ್ ಹಿಡಿದು ಅಳೆದಾಗ ವಿಷಯ ತಿಳಿಯಿತು. 6 ಇಂಚು ಅಂತ ಅವರು ಬರೆಯುವುದು ಅಂದಾಜಿನ ಲೆಕ್ಕ. ನಮಗೆ ಕೆಳಗಿನಿಂದ ಕಾಣುವ ಅಂಚು ಒಂದು ಅಳತೆ, ತೂತಿನೊಳಗೆ ಹೋಗುವ ಹಿಂಭಾಗ ಇನ್ನೊಂದು ಅಳತೆ. ಎರಡೂ ಪ್ಯಾನೆಲ್‌ಗಳ ಹೊರ ಅಂಚು ಹೆಚ್ಚೂಕಮ್ಮಿ ಒಂದೇ, 170 ಮಿಲಿಮೀಟರ್. ಆದರೆ ಹಳೆಯದರ ಹಿಂಭಾಗ 148, ಹೊಸದರದ್ದು 156. ನಮ್ಮ ಸೀಲಿಂಗಿನ ತೂತು 150. ತೂತಿನ ಅಳತೆಗೆ ಕಟ್‌ಔಟ್ ಅನ್ನುತ್ತಾರೆ, ಅದು ಡಬ್ಬಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇದ್ದೇ ಇತ್ತು. ದೊಡ್ಡ ಅಕ್ಷರದಲ್ಲಿದ್ದದ್ದು ವ್ಯಾಟ್ ಮತ್ತು ಇಂಚು.

ವಾಪಸ್ ಕೊಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಸುತ್ತಲೂ ಮೂರ್ನಾಲ್ಕು ಮಿಲಿಮೀಟರ್ ತಾನೇ, ಕೆರೆದರಾಯಿತು ಅಂತ ಸಣ್ಣ ಗರಗಸ ತಗೊಂಡು ಮತ್ತೆ ಹತ್ತಿದೆ. ಜಿಪ್ಸಮ್ ಬೋರ್ಡ್ ಕೊಯ್ಯುವುದು ಸುಲಭ, ಆದರೆ ಅಷ್ಟು ತೆಳ್ಳನೆಯ ಅಂಚು ಕೊಯ್ಯುವುದು ಸುಲಭವಲ್ಲ. ಗರಗಸಕ್ಕೆ ಹಿಡಿತ ಸಿಗುವುದಿಲ್ಲ, ಜಾರುತ್ತದೆ. ಬಿಳಿ ಪುಡಿ ನೇರ ಮುಖಕ್ಕೆ ಉದುರುತ್ತದೆ, ಕಣ್ಣಿಗೆ ಕನ್ನಡಕ ಹಾಕದೆ ಈ ಕೆಲಸಕ್ಕೆ ಕೈಹಾಕಬೇಡಿ. ಮುಕ್ಕಾಲು ಸುತ್ತು ಚೆನ್ನಾಗಿಯೇ ಬಂತು. ಕೊನೆಯ ಕಾಲು ಸುತ್ತಿನಲ್ಲಿ ಗರಗಸ ಸ್ವಲ್ಪ ಎಳೆದಂತಾಗಿ ಟಪ್ ಅಂತ ಒಂದು ತುಂಡು ಮುರಿದು ಕೆಳಗೆ ಬಿತ್ತು. ನನ್ನ ಹೆಬ್ಬೆರಳಿನಷ್ಟು ದೊಡ್ಡ ತುಂಡು.

ಪ್ಯಾನೆಲ್ ಈಗ ಒಳಗೆ ಹೋಯಿತು. ಆದರೆ ಮುರಿದ ಕಡೆ ಕ್ಲಿಪ್ಪಿಗೆ ಊರಲು ಜಾಗವೇ ಇಲ್ಲ. ಕೈ ಬಿಟ್ಟ ತಕ್ಷಣ ಆ ಬದಿ ಕೆಳಗೆ ವಾಲುತ್ತದೆ. ಅಂಚು ಮುಚ್ಚುವುದು ಆರೇಳು ಮಿಲಿಮೀಟರ್ ಮಾತ್ರ, ಮುರಿದ ಜಾಗ ಅದಕ್ಕಿಂತ ಹೊರಗೆ ಚಾಚಿತ್ತು, ಕತ್ತಲೆಯ ಒಂದು ಸೀಳು ಹಾಗೇ ಕಾಣುತ್ತಿತ್ತು. ಮೇಲಾಗಿ ಬಣ್ಣ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಹಳೆಯವೂ 6500 ಕೆಲ್ವಿನ್, ಹೊಸದೂ 6500 ಕೆಲ್ವಿನ್, ಆದರೂ ಪಕ್ಕಪಕ್ಕ ಉರಿಸಿದಾಗ ಹೊಸದು ನೀಲಿಗೆ ತಿರುಗಿದ ಹಾಗೆ, ಹಳೆಯವು ಹಾಲಿನ ಕೆನೆಯ ಹಾಗೆ. ಮೂರು ವರ್ಷದಲ್ಲಿ ಹಳೆಯದರ ಪ್ಲಾಸ್ಟಿಕ್ ಮುಚ್ಚಳ ಸ್ವಲ್ಪ ಹಳದಿಗೆ ತಿರುಗಿರುತ್ತದೆ, ಒಂದೊಂದು ತಯಾರಿಕೆಯ ಬಿಳುಪೂ ಒಂದೊಂದು ಥರ. ನಾಲ್ಕು ಲೈಟ್ ಸಾಲಾಗಿರುವ ಕಡೆ ಒಂದನ್ನು ಮಾತ್ರ ಹೊಸದು ಹಾಕಿದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಕ್ಲಿಪ್ ಅತ್ತಿತ್ತ ಜರುಗಿಸಿ ಬೇರೆ ಬೇರೆ ತೂತಿಗೆ ಹೊಂದಿಸಬಹುದಾದ ಪ್ಯಾನೆಲ್‌ಗಳೂ ಬರುತ್ತವೆ. ಹಿಂಭಾಗ ತೆಳ್ಳಗಿರುತ್ತದೆ, ಆದ್ದರಿಂದ ಚಿಕ್ಕ ತೂತಿಗೂ ಆಗುತ್ತದೆ. ಮೊದಲೇ ಅದನ್ನು ತಂದಿದ್ದರೆ ಗರಗಸ ಬೇಕಾಗುತ್ತಿರಲಿಲ್ಲ.

ಹಾಳಾದ ತೂತು ಮುಚ್ಚಲು ಮೇಲ್ಮೈಗೆ ಹಾಕುವ ಪ್ಯಾನೆಲ್ ತಂದೆ, 8 ಇಂಚಿನದು. ಮೊದಲು ಒಂದು ಪಟ್ಟಿಯನ್ನು ಸೀಲಿಂಗಿಗೆ ಸ್ಕ್ರೂ ಹಾಕಿ ಕೂರಿಸಬೇಕು, ಆಮೇಲೆ ಲೈಟನ್ನು ಅದಕ್ಕೆ ಸಿಕ್ಕಿಸಬೇಕು. ತೂತಿನ ಅಳತೆಯ ತಲೆನೋವೇ ಇಲ್ಲ, ಎಲ್ಲಾ ಮುಚ್ಚಿಹೋಗುತ್ತದೆ. ಬೆಳಕೂ ಜಾಸ್ತಿ. ನೋಡಲು ಮಾತ್ರ ಮೂರು ಲೈಟ್ ಒಳಗೆ ಕೂತಿವೆ, ಒಂದು ಹೊರಗೆ ಜೋತುಬಿದ್ದಿದೆ. ಬಂದವರೆಲ್ಲ ಅದನ್ನೇ ಕೇಳುತ್ತಾರೆ. ನನಗೆ ಅದಕ್ಕಿಂತ ಬೇಸರದ ವಿಷಯ ಬೇರೆ ಇದೆ. ಇದರಲ್ಲಿ ಡ್ರೈವರ್ ಬೇರೆಯಾಗಿಲ್ಲ, ಎಲ್‌ಇಡಿ ಬೋರ್ಡಿನ ಮೇಲೇ ಇದೆ. ಕೆಟ್ಟರೆ ಪೂರ್ತಿ ಲೈಟೇ ಕಸಕ್ಕೆ.

ಪ್ಯಾಸೇಜಿನದು ಬೇರೆ ರೀತಿ ಕೆಟ್ಟಿತು. ಅರ್ಧ ಉರಿಯುತ್ತಿತ್ತು, ಅರ್ಧ ಇಲ್ಲ. ಮುಚ್ಚಳ ಬಿಚ್ಚಿ ನೋಡಿದರೆ ಹಳದಿ ಎಲ್‌ಇಡಿ ಚುಕ್ಕೆಗಳ ಸಾಲಿನಲ್ಲಿ ಒಂದರ ನಡುವೆ ಕಪ್ಪು ಕಲೆ, ಸೂಜಿಮೊನೆಯಷ್ಟು. ಅವು ಒಂದರ ಹಿಂದೆ ಒಂದು ಸರಪಳಿ ಹಾಗೆ ಜೋಡಿಸಿರುತ್ತವೆ. ಒಂದು ಸುಟ್ಟು ಸಂಪರ್ಕ ಕಡಿದರೆ ಆ ಸಾಲೆಲ್ಲ ಆರುತ್ತದೆ. ಇಲ್ಲಿ ಡ್ರೈವರ್ ಬದಲಿಸಿ ಉಪಯೋಗವಿಲ್ಲ. ಹಾಗಾಗಿ ಅಲ್ಲಿ ಮಾಮೂಲಿ ಹೋಲ್ಡರ್ ಹಾಕಿಸಿ ಎಲ್‌ಇಡಿ ಬಲ್ಬ್ ಹಾಕಿದೆ.

ಇದು ನನ್ನ ಎರಡನೇ ಮೆಚ್ಚುಗೆ. ಕಾರಣ ಒಂದೇ, ಅಳತೆ. ತಿರುಪಿನ ಬಲ್ಬಿನ ಬುಡ 27 ಮಿಲಿಮೀಟರ್, ಒತ್ತಿ ತಿರುಗಿಸುವ ಪಿನ್ ಬಲ್ಬಿನದ್ದು 22. ಯಾರು ಮಾಡಿದ್ದಾದರೂ ಅದೇ. ತಿರುಪಿನ ಬುಡಕ್ಕೆ ಇ27 ಅನ್ನುತ್ತಾರೆ, ಅದರಲ್ಲಿನ ಇ ಅಂದರೆ ಎಡಿಸನ್, ಅಷ್ಟು ಹಳೆಯ ಏರ್ಪಾಡು ಇವತ್ತಿನ ಎಲ್‌ಇಡಿಗೂ ನಡೆಯುತ್ತಿದೆ. ಪ್ಯಾನೆಲ್ ಮಾಡುವವರೂ ತೂತಿಗೆ ಹೀಗೆ ಒಂದು ಅಳತೆ ಹಿಡಿದಿದ್ದರೆ ನಮ್ಮ ಸೀಲಿಂಗ್ ಉಳಿಯುತ್ತಿತ್ತು. ಮೊನ್ನೆ ಆ ಬಲ್ಬ್ ಹೋದಾಗ ಅಮ್ಮನೇ ಸ್ಟೂಲ್ ಹಾಕಿಕೊಂಡು ಬದಲಿಸಿದ್ದರು, ನನಗೆ ಗೊತ್ತಾದದ್ದು ಮಾರನೇ ದಿನ. ಸುತ್ತಲೂ ಮುಚ್ಚಿದ ಗಾಜಿನ ಬುರುಡೆಯೊಳಗೆ ಮಾತ್ರ ಎಲ್‌ಇಡಿ ಬಲ್ಬ್ ಹಾಕಬೇಡಿ, ಬಿಸಿ ಹೊರಗೆ ಹೋಗದೆ ಬೇಗ ಸಾಯುತ್ತದೆ. ಹಾಲ್‌ಗೆ ಇದು ನನಗಿಷ್ಟವಿಲ್ಲ, ಬಲ್ಬ್ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಡ್ರೈವರ್. ಬಾಗಿಲ ಹತ್ತಿರದ ಲೈಟಿನ ಗಲಾಟೆ ಮುಗಿದು ಎರಡು ತಿಂಗಳಿಗೆ ಹಾಲ್‌ನ ಇನ್ನೊಂದು ಲೈಟ್ ಅದೇ ಥರ ಮಿಣುಕಿ ಆರಿತು. ಈ ಸಲ ಗರಗಸ ಮುಟ್ಟುವುದಿಲ್ಲ ಅಂತ ಗಟ್ಟಿಮಾಡಿಕೊಂಡಿದ್ದೆ. ಮೇನ್ ಆಫ್ ಮಾಡಿ ಆರಿದ ಪ್ಯಾನೆಲ್ ಇಳಿಸಿದೆ. ಅದರಿಂದ ಡ್ರೈವರ್‌ಗೆ ಹೋಗುವ ವೈರಿನಲ್ಲಿ ಸಣ್ಣ ಪಿನ್ ಇದೆ, ಎಳೆದರೆ ಬಿಚ್ಚುತ್ತದೆ. ಪಕ್ಕದ ಉರಿಯುವ ಪ್ಯಾನೆಲನ್ನೂ ಇಳಿಸಿ, ಅದನ್ನು ತಂದು ಈ ಡ್ರೈವರ್‌ಗೆ ಸಿಕ್ಕಿಸಿ ಮೇನ್ ಹಾಕಿದೆ. ಹತ್ತಲಿಲ್ಲ. ಅಂದರೆ ಕೆಟ್ಟದ್ದು ಡ್ರೈವರ್. ಖಾತರಿಗೆ, ಮತ್ತೆ ಮೇನ್ ಆಫ್ ಮಾಡಿ ಆರಿದ ಪ್ಯಾನೆಲನ್ನು ಪಕ್ಕದ ಒಳ್ಳೆಯ ಡ್ರೈವರ್‌ಗೆ ಸಿಕ್ಕಿಸಿದೆ. ಬೆಳ್ಳಗೆ ಹತ್ತಿತು, ಅಂದರೆ ಪ್ಯಾನೆಲ್ ಚೆನ್ನಾಗಿದೆ. ಒಂದೇ ಥರದ ಲೈಟ್ ಎರಡಿದ್ದರೆ ಸಾಕು, ಈ ಪರೀಕ್ಷೆಗೆ ಮೀಟರ್ ಕೂಡ ಬೇಡ.

ಒಂದು ಎಚ್ಚರ. ಪ್ರತಿ ಸಲವೂ ಮೊದಲು ಪಿನ್ ಸಿಕ್ಕಿಸಿ, ಆಮೇಲೆ ಕರೆಂಟ್ ಕೊಡಿ. ಕರೆಂಟ್ ಇರುವ ಡ್ರೈವರ್‌ಗೆ ಪ್ಯಾನೆಲ್ ಸಿಕ್ಕಿಸಿದರೆ ಅದರಲ್ಲಿ ಕೂಡಿಟ್ಟಿರುವ ವೋಲ್ಟೇಜ್ ಒಮ್ಮೆಲೇ ನುಗ್ಗಿ ಒಳ್ಳೆಯ ಎಲ್‌ಇಡಿಗಳೇ ಸುಡಬಹುದು. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಮೇನ್ ಆರಿಸಿ, ಟೆಸ್ಟರ್ ಹಿಡಿದು ನೋಡಿ. ಅಗ್ಗದ ಡ್ರೈವರ್‌ಗಳಲ್ಲಿ ಪ್ಯಾನೆಲಿಗೆ ಹೋಗುವ ಡಿಸಿ ಕಡೆಯ ವೈರೂ ಶಾಕ್ ಹೊಡೆಯಬಹುದು. ವೈರಿಂಗ್ ಕೆಲಸ ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ ಕರೆಸುವುದೇ ಒಳ್ಳೆಯದು.

ಡ್ರೈವರ್ ಕೊಳ್ಳುವಾಗ ವ್ಯಾಟ್ ನೋಡಿ ಮೋಸಹೋಗಬೇಡಿ. ನನ್ನ ಕೈಗೆ ಮೊದಲು ಬಂದದ್ದೂ 15 ವ್ಯಾಟ್‌ನದೇ, ಆದರೆ ಅದರ ಔಟ್‌ಪುಟ್ 450 ಮಿಲಿ ಆಂಪ್ (ಇದು ಕರೆಂಟಿನ ಅಳತೆ), 24ರಿಂದ 36 ವೋಲ್ಟ್. ನಮ್ಮ ಹಳೆಯದರ ಚೀಟಿಯಲ್ಲಿ ಇದ್ದದ್ದು 300 ಮಿಲಿ ಆಂಪ್, 36ರಿಂದ 63 ವೋಲ್ಟ್. ಒಂದು ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ನಮ್ಮ ಪ್ಯಾನೆಲಿನ ಸಾಲಿನಲ್ಲಿ 16 ಇವೆ, ಅಲ್ಲಿಗೆ 48 ವೋಲ್ಟ್ ಆಯಿತು. 36ಕ್ಕೆ ನಿಲ್ಲುವ ಡ್ರೈವರ್‌ನಿಂದ ಅದು ಸರಿಯಾಗಿ ಹತ್ತುವುದೇ ಇಲ್ಲ. ಮಿಲಿ ಆಂಪ್ ಒಂದೇ ಇರಬೇಕು, ಪ್ಯಾನೆಲಿನ ವೋಲ್ಟ್ ಡ್ರೈವರ್‌ನ ಎರಡು ಅಂಕಿಗಳ ನಡುವೆ ಬರಬೇಕು. ಮಿಲಿ ಆಂಪ್ ಸ್ವಲ್ಪ ಕಡಿಮೆ ಇದ್ದರೆ ಬೆಳಕು ಸ್ವಲ್ಪ ಮಂಕು, ತೊಂದರೆ ಇಲ್ಲ. ಜಾಸ್ತಿ ಇದ್ದರೆ ಎಲ್‌ಇಡಿ ಕಾದು ಬೇಗ ಹೋಗುತ್ತದೆ.

ಸರಿಯಾದದ್ದು ಸಿಕ್ಕಿದ ಮೇಲೆ ಕೆಲಸ ಹತ್ತು ನಿಮಿಷದ್ದು. ಹೊಸ ಡ್ರೈವರ್‌ನ ಪಿನ್ ಹಳೆಯದಕ್ಕೆ ಹೊಂದಲಿಲ್ಲ, ಎರಡನ್ನೂ ಕತ್ತರಿಸಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ ಕನೆಕ್ಟರ್ ಹಾಕಿದೆ. ಅದೇ ಪ್ಯಾನೆಲ್, ಅದೇ ತೂತು, ಅದೇ ಬಣ್ಣ. ಒಳಗೆ ಕೂತಿರುವ ಮೂರರಲ್ಲಿ ಯಾವುದರ ಡ್ರೈವರ್ ಹೊಸದು ಅಂತ ನನಗೇ ಹೇಳಲಾಗುವುದಿಲ್ಲ. ಖರ್ಚು ಹೊಸ ಪ್ಯಾನೆಲಿನ ಅರ್ಧಕ್ಕಿಂತ ಕಡಿಮೆ.

ಕೆಟ್ಟ ಡ್ರೈವರನ್ನು ಬಿಚ್ಚಿ ನೋಡಿದೆ. ಒಳಗೆ ಕಿರುಬೆರಳಿನ ತುದಿಯಷ್ಟು ದಪ್ಪದ ಕೆಪ್ಯಾಸಿಟರ್ (ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗ), ಅದರ ನೆತ್ತಿ ಚಪ್ಪಟೆಯಾಗಿ ಇರಬೇಕಾದದ್ದು ಉಬ್ಬಿತ್ತು, ಬುಡದಲ್ಲಿ ಕಂದು ಬಣ್ಣದ ಅಂಟು. ಫಾಲ್ಸ್ ಸೀಲಿಂಗಿನ ಮೇಲೆ ಗಾಳಿ ಆಡದ ಜಾಗ, ಡ್ರೈವರ್ ಪ್ಯಾನೆಲಿನ ಬೆನ್ನಿನ ಮೇಲೇ ಬಿದ್ದುಕೊಂಡು ಅದರ ಬಿಸಿಯನ್ನೂ ಕುಡಿಯುತ್ತಿತ್ತು. ಈ ಬಗೆಯ ಕೆಪ್ಯಾಸಿಟರ್‌ಗಳ ಆಯಸ್ಸು 10 ಡಿಗ್ರಿ ಬಿಸಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈಗ ಹೊಸದನ್ನು ಪ್ಯಾನೆಲಿನಿಂದ ದೂರಕ್ಕೆ, ಪಕ್ಕಕ್ಕೆ ಸರಿಸಿ ಇಟ್ಟಿದ್ದೇನೆ.

ನಾನು ರಾತ್ರಿ ತುಂಬಾ ಹೊತ್ತು ಹಾಲ್‌ನಲ್ಲೇ ಕೂತು ಓದುವವನು, ಬೆಳಕು ನಾಲ್ಕೂ ಕಡೆಯಿಂದ ಒಂದೇ ಥರ ಇರಬೇಕು. ಏಣಿ ಹತ್ತಲೂ ಬೇಸರವಿಲ್ಲ. ಹಾಗಾಗಿ ನನಗೆ ಡ್ರೈವರ್ ಬೇರೆ ಇರುವ ಪ್ಯಾನೆಲೇ ಸರಿ. ವಯಸ್ಸಾದವರು ಮಾತ್ರ ಇರುವ ಮನೆಗೆ ಕೇಳಿದರೆ ಬಲ್ಬ್ ಹೋಲ್ಡರ್ ಅನ್ನುತ್ತೇನೆ. ಮೇಲ್ಮೈ ಪ್ಯಾನೆಲ್ ತೂತು ಹಾಳಾದವರಿಗೆ, ಇಲ್ಲ ಸೀಲಿಂಗಿನಲ್ಲಿ ದೊಡ್ಡ ತೂತು ಕೊರೆಯಲು ಆಗದವರಿಗೆ. ಪೂರ್ತಿ ಹೊಸ ಪ್ಯಾನೆಲ್ ತರಲೇಬೇಕಾದರೆ ಹಳೆಯದನ್ನು ಇಳಿಸಿ, ತೂತನ್ನು ಅಳೆದು, ಆ ಅಂಕಿಯನ್ನು ಬರೆದುಕೊಂಡೇ ಹೋಗಿ.

ಮೊದಲು ಕೆಟ್ಟಿದ್ದ ಆ ಬಾಗಿಲ ಹತ್ತಿರದ ಪ್ಯಾನೆಲನ್ನು ಎಸೆಯದೆ ಅಟ್ಟದ ಮೇಲೆ ಇಟ್ಟಿದ್ದೆ. ಹೊಸ ಡ್ರೈವರ್ ಬಂದ ದಿನ ಅದನ್ನೂ ಇಳಿಸಿ ಧೂಳು ಒರೆಸಿ, ನೆಲದ ಮೇಲೇ ಇಟ್ಟು ಸಿಕ್ಕಿಸಿ ನೋಡಿದೆವು. ಹತ್ತಿತು. ಒಂದು ಚುಕ್ಕೆಯೂ ಆರಿರಲಿಲ್ಲ. ತಮ್ಮ ಸುಮ್ನೆ ಮೇಲೆ ನೋಡಿದ, ನಾನೂ ನೋಡಿದೆ. ಅದನ್ನು ಬಟ್ಟೆಯಲ್ಲಿ ಸುತ್ತಿ, ಇನ್ನೊಂದು 300 ಮಿಲಿ ಆಂಪ್ ಡ್ರೈವರ್ ಜೊತೆಗೆ ಇಟ್ಟಿದ್ದೇನೆ. ಉಳಿದ ಮೂರರಲ್ಲಿ ಯಾವುದಕ್ಕಾದರೂ ಬೇಕಾಗುತ್ತದೆ.