ಕಾವಿ ನೆಲದ ಮೇಲೆ ಕರ್ಲಿಂಗ್: ಒಂದು ಮೇಜಿನಾಟದ ವಿಮರ್ಶೆ

ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುವ ಮೊದಲೇ ಕೈಗೆ ಸಿಗಲಿ ಎಂದು ಆನ್‌ಲೈನಿನಲ್ಲಿ ತರಿಸಿದ ಈ ಕರ್ಲಿಂಗ್ ಮೇಜಿನಾಟಕ್ಕೆ ಸಾಗಾಟದ ಖರ್ಚೂ ಸೇರಿ 2,650 ರೂಪಾಯಿ ಬಿದ್ದಿದೆ. ಮಂಜುಗಡ್ಡೆಯ ಮೇಲೆ ಕಲ್ಲುಗಳನ್ನು ಜಾರಿಸಿ ದೂರದ ವೃತ್ತಗಳೊಳಗೆ ನಿಲ್ಲಿಸುವ ಆಟವೇ ಕರ್ಲಿಂಗ್. ಕೊರಿಯರಿನವರು ನಮ್ಮ ತೋಟದ ಮನೆಯವರೆಗೆ ಬರುವುದಿಲ್ಲವಾದ್ದರಿಂದ ಬದಿಯಡ್ಕ ಪೇಟೆಗೆ ಹೋಗಿ ತಂದದ್ದಾಯಿತು. ಎರಡು ತಿಂಗಳು ಮಕ್ಕಳಿಂದ ಆಡಿಸಿ, ಅವರು ಮಲಗಿದ ಮೇಲೆ ನಾನೂ ಆಡಿ, ಒಂದು ಸಲ ರಿಪೇರಿಯನ್ನೂ ಮಾಡಿದ ಅನುಭವದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿದ ಒಂದು ನುಣುಪು ಹಾಸು ಇದೆ. ಉದ್ದ 120 ಸೆಂಟಿಮೀಟರ್, ಅಗಲ 30. ಅಡಿಭಾಗದಲ್ಲಿ ಉಕ್ಕಿನ ಗುಂಡುಗಳಿರುವ ನಾಲ್ಕು ಕೆಂಪು ಮತ್ತು ನಾಲ್ಕು ಹಳದಿ ಬಿಲ್ಲೆಗಳು, ಬೆರಳುದ್ದದ ಎರಡು ಪ್ಲಾಸ್ಟಿಕ್ ಪೊರಕೆಗಳು, ಇರುವೆ ಸಾಲಿನಂಥ ಅಕ್ಷರಗಳ ಒಂದು ಇಂಗ್ಲಿಷ್ ನಿಯಮಪತ್ರ ಇವೆ. ಆ ಪತ್ರ ಮಕ್ಕಳಿಗಂತೂ ಇರಲಿ, ಕನ್ನಡಕ ಹಾಕಿಕೊಂಡ ನನಗೂ ಪ್ರಯೋಜನಕ್ಕೆ ಬರಲಿಲ್ಲ. ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಿಯಮಗಳನ್ನು ಕನ್ನಡದಲ್ಲಿ ಬರೆದು ಜಗಲಿಯ ಗೋಡೆಗೆ ಅಂಟಿಸಬೇಕಾಯಿತು.

ನಮ್ಮ ಕಡೆ ಮಂಜುಗಡ್ಡೆ ಎಂದರೆ ಮೀನಿನ ಪೆಟ್ಟಿಗೆಯಲ್ಲಿ ಬರುವುದು ಮಾತ್ರ. ಹಾಗಿರುವಾಗ ಕಾಸರಗೋಡಿನ ಅಡಿಕೆ ಕೃಷಿಕನಿಗೆ ಈ ಆಟದ ಹುಚ್ಚು ಹಿಡಿದದ್ದು ತಂಗಿಯ ಮಗನಿಂದ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಉದ್ಯೋಗದಲ್ಲಿರುವ ಅವನು ಅಲ್ಲಿಯ ಟೈಲರ್ ಟಾರ್ಡಿ ಎಂಬ ಎಳೆಯ ಆಟಗಾರನ ಪಂದ್ಯಗಳ ವಿಡಿಯೊಗಳನ್ನು 2018ರಲ್ಲಿ ಕಳುಹಿಸತೊಡಗಿದ. ಟಾರ್ಡಿ ತನ್ನ ಹದಿನೇಳನೆಯ ವಯಸ್ಸಿನಲ್ಲಿ, 2016ರ ಲಿಲ್ಲೆಹ್ಯಾಮರ್ ಯುವ ಒಲಿಂಪಿಕ್ಸ್‌ನಲ್ಲಿ, ಮೇರಿ ಫೇ ನಾಯಕತ್ವದ ಮಿಶ್ರ ತಂಡದಲ್ಲಿ ಚಿನ್ನ ಗೆದ್ದವನು. ಅನಂತರ 2017, 2018, 2019ರಲ್ಲಿ ಸತತವಾಗಿ ಮೂರು ಸಲ ಕೆನಡಾದ ಜೂನಿಯರ್ ಚಾಂಪಿಯನ್ ತಂಡದ ನಾಯಕ. 2018ರಲ್ಲಿ ಅಬರ್ಡೀನ್‌ನಲ್ಲಿ ಆತಿಥೇಯ ಸ್ಕಾಟ್ಲೆಂಡನ್ನೂ ಮರುವರ್ಷ ನೋವಾ ಸ್ಕೋಷಿಯಾದ ಲಿವರ್‌ಪೂಲ್‌ನಲ್ಲಿ ಸ್ವಿಟ್ಜರ್ಲೆಂಡನ್ನೂ ಮಣಿಸಿ ವಿಶ್ವ ಜೂನಿಯರ್ ಚಾಂಪಿಯನ್. ಮೂರು ವರ್ಷವೂ ಸ್ಟರ್ಲಿಂಗ್ ಮಿಡಲ್ಟನ್ ಅವನ ಸಹ ಆಟಗಾರನಾಗಿದ್ದ. ಇಪ್ಪತ್ತೊಂದು ದಾಟಿದರೆ ಜೂನಿಯರ್ ಬಾಗಿಲು ಮುಚ್ಚುತ್ತದೆ. ಆಮೇಲೆ ಎದುರಾಗುವುದು ಮೂವತ್ತು, ನಲವತ್ತು ದಾಟಿದ ಪಳಗಿದವರ ಅಖಾಡ. ಅಂಥ ಒಬ್ಬ ಹುಡುಗನ ಆಟವನ್ನು ಮೊಮ್ಮಕ್ಕಳಿಗೆ ಅರ್ಥ ಮಾಡಿಸಲು ಈ ಪೆಟ್ಟಿಗೆ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದೇ ನನ್ನ ಅಳತೆಗೋಲು.

ಮೊದಲು ಕೊರತೆಗಳನ್ನು ಹೇಳಿಬಿಡುತ್ತೇನೆ. ಹಾಸು ಸುರುಳಿಯಿಂದ ಬಿಚ್ಚಿದ ಮೇಲೂ ಎರಡು ತುದಿಗಳಲ್ಲಿ ಮುದುಡಿಕೊಂಡೇ ಇತ್ತು. ಪಂಚಾಂಗ, ನಿಘಂಟು, ಕೊನೆಗೆ ಮೆಟ್ಟುಕತ್ತಿಯ ಮಣೆಯನ್ನೂ ಇಟ್ಟು ನೋಡಿದೆ, ಬಗ್ಗಲಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಅರ್ಧ ಗಂಟೆ ಬಿಸಿಲಿಗೆ ಹಾಸಿದ ಮೇಲೆ ಚಪ್ಪಟೆಯಾಯಿತು. ಹಿಮದ ಆಟದ ಅಂಕಣವನ್ನು ಏಪ್ರಿಲ್ ಬಿಸಿಲಿನಲ್ಲಿ ಒಣಗಿಸಿದವರು ಹೆಚ್ಚು ಮಂದಿ ಇರಲಾರರು. ಹಳದಿ ಬಿಲ್ಲೆಯೊಂದರ ಗುಂಡು ಬರುವಾಗಲೇ ಸಿಕ್ಕಿಹಾಕಿಕೊಂಡಿತ್ತು. ಮಾರಾಟಗಾರರು ವಿಡಿಯೊ ಕೇಳಿದರು, ಕಳುಹಿಸಿದೆ. ಇನ್ನೊಂದು ಕೋನದಿಂದ ಕೇಳಿದರು, ಅದನ್ನೂ ಕಳುಹಿಸಿದೆ. ಬದಲಿ ಬಿಲ್ಲೆ ಬರುವಾಗ ಹತ್ತೊಂಬತ್ತು ದಿನ ಕಳೆದಿತ್ತು. ಬಂದದ್ದು ಮಾತ್ರ ಚೆನ್ನಾಗಿದೆ.

ಇವೆಲ್ಲ ಸಣ್ಣ ಸಂಗತಿಗಳು. ದೊಡ್ಡ ಕೊರತೆಯನ್ನು ಎತ್ತಿ ತೋರಿಸಿದವಳು ಹತ್ತು ವರ್ಷದ ಮೊಮ್ಮಗಳು. ಟಾರ್ಡಿಯ ವಿಡಿಯೊ ಒಂದನ್ನು ನೋಡಿ ಬಂದು, ಬಿಲ್ಲೆಯನ್ನು ಬೆರಳಿನಲ್ಲಿ ತಿರುಚಿ ಬಿಟ್ಟು, ಅದು ನೆಟ್ಟಗೆ ಹೋಗುವುದನ್ನು ಕಂಡು, "ಅಜ್ಜಾ, ಹೆಸರು ಕರ್ಲಿಂಗ್ ಅಂತ, ಆದರೆ ಇದು ಬಳುಕುವುದೇ ಇಲ್ಲವಲ್ಲ" ಎಂದಳು. ಮಾತು ನೂರಕ್ಕೆ ನೂರು ನಿಜ. ನಿಜವಾದ ಆಟದ ಗ್ರಾನೈಟ್ ಕಲ್ಲು 17ರಿಂದ 20 ಕಿಲೋ ತೂಗುತ್ತದೆ. ಅದರ ತಳ ಒಳಕ್ಕೆ ತಗ್ಗಾಗಿದ್ದು, ಕಿರಿದಾದ ಒಂದು ಬಳೆಯಷ್ಟು ಭಾಗ ಮಾತ್ರ ಮಂಜುಗಡ್ಡೆಯನ್ನು ಮುಟ್ಟುತ್ತದೆ. ಮಂಜುಗಡ್ಡೆಯೂ ಕನ್ನಡಿಯಂತೆ ಸಪಾಟಾಗಿರುವುದಿಲ್ಲ. ನೀರಿನ ಹನಿಗಳನ್ನು ಚಿಮುಕಿಸಿ ಹೆಪ್ಪುಗಟ್ಟಿಸಿದ ಸಣ್ಣ ಸಣ್ಣ ಗುಳ್ಳೆಗಳ ಮೇಲೆ ಕಲ್ಲು ಸಾಗುತ್ತದೆ. ಹಿಡಿಕೆಯನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ ಬಿಟ್ಟರೆ ಅದು ನಿಧಾನವಾಗಿ ತಿರುಗುತ್ತಾ ಹೋಗಿ ಕೊನೆಯಲ್ಲಿ ಬಲಕ್ಕೆ ಬಳುಕುತ್ತದೆ. ಸ್ಟೀಲ್ ಲೋಟವನ್ನು ಕವುಚಿ ಕಾವಿ ನೆಲದ ಮೇಲೆ ಅದೇ ರೀತಿ ತಿರುಗಿಸಿ ಜಾರಿಸಿದರೆ ಅದು ಎಡಕ್ಕೆ ಹೋಗುತ್ತದೆ. ಕಲ್ಲು ಮಾತ್ರ ಏಕೆ ಇದಕ್ಕೆ ತಿರುಗುಮುರುಗಾಗಿ ನಡೆದುಕೊಳ್ಳುತ್ತದೆ ಎಂಬುದರ ಬಗ್ಗೆ ಭೌತವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಗುಂಡುಗಳ ಮೇಲೆ ಉರುಳುವ ಬಿಲ್ಲೆಯಲ್ಲಿ ಈ ಯಾವ ಬೆಡಗೂ ಇಲ್ಲ. ಮುಂದೆ ನಿಂತ ಎದುರಾಳಿಯ ಕಲ್ಲನ್ನು ಸುತ್ತಿಕೊಂಡು ಹೋಗಿ ಅದರ ಬೆನ್ನಿಗೆ ಅಡಗಿ ಕೂರುವ ಹೊಡೆತ, ಅಂದರೆ ಟಾರ್ಡಿಯಂಥವರು ಬಾಲ್ಯದಿಂದ ಸಾವಿರಾರು ಸಲ ಅಭ್ಯಾಸ ಮಾಡುವ ಹೊಡೆತ, ಈ ಹಾಸಿನ ಮೇಲೆ ಸಾಧ್ಯವೇ ಇಲ್ಲ.

ಪೊರಕೆಗಳ ಮಾತು ಇನ್ನೂ ನಗೆಗೇಡು. ಅಸಲು ಆಟದಲ್ಲಿ ಇಬ್ಬರು ಕಲ್ಲಿನ ಮುಂದೆ ಮಂಜುಗಡ್ಡೆಯನ್ನು ರಭಸದಿಂದ ಉಜ್ಜುವುದರಿಂದ ಮೇಲ್ಮೈ ತುಸು ಬೆಚ್ಚಗಾಗಿ ಘರ್ಷಣೆ ಕಡಿಮೆಯಾಗುತ್ತದೆ. ಕಲ್ಲು ಹೆಚ್ಚು ದೂರ ಹೋಗುತ್ತದೆ, ಬಳುಕುವುದು ಕಡಿಮೆಯಾಗುತ್ತದೆ. 2015-16ರಲ್ಲಿ ಕೆಲವು ಹೊಸ ಬಗೆಯ ಪೊರಕೆಬಟ್ಟೆಗಳು ಕಲ್ಲಿನ ದಾರಿಯನ್ನೇ ಬದಲಿಸುತ್ತವೆ ಎಂದು ದೊಡ್ಡ ವಿವಾದವೆದ್ದು, ವಿಶ್ವ ಕರ್ಲಿಂಗ್ ಸಂಸ್ಥೆ ಬಟ್ಟೆಗೂ ನಿಯಮ ತರಬೇಕಾಯಿತು. ಈ ಪೆಟ್ಟಿಗೆಯ ಪೊರಕೆಗಳಿಂದ ಬಿಲ್ಲೆಗೆ ಗಾಳಿಯೂ ತಾಗುವುದಿಲ್ಲ. ಮೊಮ್ಮಗಳು ಅಡುಗೆಮನೆಯ ಹಿಡಿಸೂಡಿಯನ್ನೇ ತಂದು ಗುಡಿಸತೊಡಗಿದಳು. ಮೂರನೆಯ ಸಲಕ್ಕೆ ಬಿಲ್ಲೆ ಹಿಡಿಸೂಡಿಯ ಕಡ್ಡಿಗಳ ನಡುವೆ ಸಿಕ್ಕಿಕೊಂಡು ಅಲ್ಲೇ ನಿಂತಿತು. ಗುಡಿಸುವವರ ಪೊರಕೆ ತಾಗಿದ ಕಲ್ಲನ್ನು ಸಾಮಾನ್ಯವಾಗಿ ಅಂಕಣದಿಂದ ತೆಗೆಯಬೇಕಾಗುತ್ತದೆ ಎಂಬ ನಿಯಮವನ್ನು ಅಂದೇ ಕ್ಯಾಲೆಂಡರಿನ ಹಾಳೆಗೆ ಸೇರಿಸಿದೆ.

ಹಾಸಿನ ಉದ್ದವೂ ಸಾಲದು. ಅಸಲು ಅಂಕಣ ಸುಮಾರು 45 ಮೀಟರ್ ಉದ್ದವಿದ್ದು, ಅಗಲ 5 ಮೀಟರಿನ ಒಳಗೇ ಇರುತ್ತದೆ. ಅಂದರೆ ಉದ್ದ ಅಗಲದ ಒಂಬತ್ತು ಪಟ್ಟು. ಇಲ್ಲಿ ನಾಲ್ಕೇ ಪಟ್ಟು. ಬೆರಳು ತುಸು ಹೆಚ್ಚು ತಾಗಿದರೆ ಬಿಲ್ಲೆ ಮೇಜಿನಿಂದ ಕೆಳಗೆ. ಆದ್ದರಿಂದ ಎರಡನೆಯ ವಾರದಲ್ಲಿ ಹಾಸನ್ನು ಬಿಟ್ಟು ಜಗಲಿಯ ಕಾವಿ ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದವಾದ ಅಂಕಣವನ್ನು ಎಳೆದು, ಕೊನೆಯಲ್ಲಿ ವೃತ್ತಗಳ "ಮನೆ" ಬರೆದು, ಕೇರಂ ಪುಡಿ ಉದುರಿಸಿ ಆಡಿದೆವು. ಆಟಕ್ಕೆ ಜೀವ ಬಂದದ್ದು ಆಗಲೇ. ಇನ್ನು ಕಲ್ಲು ಬಿಡುವ ಭಂಗಿ, ಒಂದು ಕಾಲಿನ ಮೇಲೆ ಕುಕ್ಕರಿಸಿ ಮಂಜಿನ ಮೇಲೆ ತೇಲಿ ಹೋಗುವುದು, ಅದನ್ನು ಮಕ್ಕಳಿಗೆ ತೋರಿಸಬೇಕಾದರೆ ಈ ಪೆಟ್ಟಿಗೆಗಿಂತ ತೋಟದಲ್ಲಿ ಬಿದ್ದ ಒಂದು ಅಡಿಕೆ ಹಾಳೆಯೇ ವಾಸಿ.

ಇಷ್ಟೆಲ್ಲ ದೂರಿದರೂ ಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಏಕೆಂದರೆ ಸ್ಕಿಪ್, ಅಂದರೆ ತಂಡದ ನಾಯಕ, ತಲೆಯೊಳಗೆ ಮಾಡುವ ಲೆಕ್ಕಾಚಾರವನ್ನು ಈ ಆಟ ಚೆನ್ನಾಗಿ ಕಲಿಸುತ್ತದೆ. ಪ್ರತಿ ಸುತ್ತಿನಲ್ಲಿ ಕೊನೆಯ ಕಲ್ಲು ಯಾರದೋ ಅವರಿಗೆ ಅನುಕೂಲ. ಅದನ್ನು ಹ್ಯಾಮರ್ ಎನ್ನುತ್ತಾರೆ. ಅಂಕ ಗಳಿಸಿದವರು ಮುಂದಿನ ಸುತ್ತಿನಲ್ಲಿ ಹ್ಯಾಮರನ್ನು ಎದುರಾಳಿಗೆ ಬಿಟ್ಟುಕೊಡಬೇಕು, ಯಾರಿಗೂ ಅಂಕ ಬಾರದಿದ್ದರೆ ಅದು ಇದ್ದವರ ಬಳಿಯೇ ಉಳಿಯುತ್ತದೆ. ಇದನ್ನು ನಾನು ಬಾಯಲ್ಲಿ ನಾಲ್ಕು ಸಲ ವಿವರಿಸಿದ್ದೆ, ಯಾರೂ ಕಿವಿಗೊಟ್ಟಿರಲಿಲ್ಲ. ಒಂದು ಸಂಜೆ ವೃತ್ತಗಳ ಮನೆ ಪೂರ್ತಿ ಖಾಲಿಯಾಗಿದ್ದಾಗ ಮೊಮ್ಮಗಳ ಕೈಯಲ್ಲಿ ಕೊನೆಯ ಕೆಂಪು ಬಿಲ್ಲೆ ಇತ್ತು. ಮೆಲ್ಲನೆ ಜಾರಿಸಿ ಮನೆಯೊಳಗೆ ನಿಲ್ಲಿಸಿದರೆ ಒಂದು ಅಂಕ ಖಂಡಿತ. ಅವಳು ಗೋಡೆಗೆ ಟಕ್ಕೆನ್ನುವಂತೆ ನೂಕಿಬಿಟ್ಟಳು. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಮೊಮ್ಮಗ "ಗುರಿ ತಪ್ಪಿತು, ಗುರಿ ತಪ್ಪಿತು" ಎಂದು ಕುಣಿದ. "ತಪ್ಪಿದ್ದಲ್ಲ ಅಣ್ಣಾ, ಇನ್ನೊಂದು ಸಲ ಕೊನೆಯದ್ದು ನನ್ನದೇ" ಎಂದು ಇವಳು ಬಿಲ್ಲೆಗಳನ್ನು ಬಾಚಿಕೊಂಡಳು. ಮುಂದಿನ ಸುತ್ತಿನಲ್ಲಿ ಎರಡು ಅಂಕ ತೆಗೆದಳು. ಹ್ಯಾಮರ್ ಇದ್ದಾಗ ಎರಡಾದರೂ ಬರಬೇಕು, ಒಂದಕ್ಕೆ ತೃಪ್ತಿಪಡುವುದಕ್ಕಿಂತ ಖಾಲಿ ಬಿಡುವುದು ಮೇಲು ಎಂಬುದು ದೊಡ್ಡ ಪಂದ್ಯಗಳಲ್ಲಿ ಸ್ಕಿಪ್‌ಗಳು ಹಾಕುವ ಮೊದಲ ಲೆಕ್ಕ.

ನೆರೆಮನೆಯ ಮಕ್ಕಳೂ ಸೇರಿ ಇಬ್ಬಿಬ್ಬರ ತಂಡಗಳಾದಾಗ ಇನ್ನೊಂದು ತಕರಾರು ಎದ್ದಿತು. ಮೊಮ್ಮಗನಿಗೆ ಕೊನೆಯ ಬಿಲ್ಲೆ ತನ್ನದೇ ಆಗಬೇಕು. ವೃತ್ತಗಳ ಮನೆಯ ಬಳಿ ಕೂತು ಜತೆಗಾರನಿಗೆ ಗುರಿ ತೋರಿಸುವ ಕೆಲಸ ಬೇಡ. ಟಾರ್ಡಿಯ ಕಥೆಯ ಎರಡನೆಯ ಭಾಗವನ್ನು ಹೇಳಿದ್ದು ಆಗ. ಎರಡು ಸಲ ವಿಶ್ವ ಜೂನಿಯರ್ ಪಟ್ಟ ಗೆದ್ದ ಆ ಸ್ಕಿಪ್, 2022ರಲ್ಲಿ ಕೆವಿನ್ ಕೋ ತಂಡಕ್ಕೆ ಮೂರನೆಯ ಆಟಗಾರನಾಗಿ ಸೇರಿದ. ಕೋ ನಾಲ್ಕು ಸಲ ಕೆನಡಾದ ಪುರುಷರ ಪ್ರಶಸ್ತಿಯನ್ನೂ, 2010 ಮತ್ತು 2016ರಲ್ಲಿ ವಿಶ್ವ ಪ್ರಶಸ್ತಿಯನ್ನೂ ಗೆದ್ದ ಹಳೆಯ ಹುಲಿ. ಮೂರನೆಯವನು ತನ್ನ ಎರಡು ಕಲ್ಲುಗಳನ್ನು ಬಿಟ್ಟು, ಆಮೇಲೆ ಸ್ಕಿಪ್ ಕಲ್ಲು ಬಿಡುವಾಗ ಮನೆಯಲ್ಲಿ ನಿಂತು ಪೊರಕೆ ಹಿಡಿದು ಗುರಿ ತೋರಿಸಬೇಕು. ಕೊನೆಯ ಕಲ್ಲಿನ ಕೀರ್ತಿಯನ್ನು ಬಿಟ್ಟು ಆ ಜಾಗದಲ್ಲಿ ನಿಲ್ಲುವುದನ್ನು ನಾನು ಅವನ ಪದಕಗಳಿಗಿಂತ ಕಡಿಮೆಯೆಂದು ಎಣಿಸುವುದಿಲ್ಲ. ಮೊಮ್ಮಗ ಎಲ್ಲವನ್ನೂ ಕೇಳಿ, "ಅವನಿಗೆ ದುಡ್ಡು ಸಿಗುತ್ತದೆ ಅಜ್ಜ, ನನಗೆ ಏನು ಸಿಗುತ್ತದೆ?" ಎಂದ. ಕರ್ಲಿಂಗ್‌ನಲ್ಲಿ ದುಡ್ಡೂ ಅಷ್ಟಿಲ್ಲ, 2018ರ ಒಲಿಂಪಿಕ್ಸ್‌ನಲ್ಲಿ ಮಿಶ್ರ ಡಬಲ್ಸ್ ಚಿನ್ನ ಗೆದ್ದ ಜಾನ್ ಮಾರಿಸ್ ಅಗ್ನಿಶಾಮಕ ದಳದ ನೌಕರಿ ಮಾಡಿದವರು ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಆದರೆ ಅಂದು ಗುರಿ ತೋರಿಸಲು ಕೂತ.

ಬಿಲ್ಲೆಗಳು ಎಂಟೇ ಇರುವುದು ಸಹ ಒಂದು ಮಿತಿಯೇ. ನಾಲ್ವರ ಆಟದಲ್ಲಿ ತಂಡಕ್ಕೆ ಎಂಟರಂತೆ ಹದಿನಾರು ಕಲ್ಲುಗಳಿರಬೇಕು. ಮಿಶ್ರ ಡಬಲ್ಸ್‌ಗೂ ಇವು ಸಾಲವು. ಎರಡು ಪೆಟ್ಟಿಗೆ ಕೊಳ್ಳುವ ಬದಲು ಹಾಸಿಲ್ಲದೆ ಬಿಲ್ಲೆಗಳನ್ನಷ್ಟೇ ಮಾರುವ ವ್ಯವಸ್ಥೆಯನ್ನು ತಯಾರಕರು ಮಾಡಿದರೆ ನಾನೇ ಮೊದಲ ಗಿರಾಕಿ. ಎಂಟು ವರ್ಷಕ್ಕಿಂತ ಸಣ್ಣ ಮಕ್ಕಳಿಗೆ ಇದನ್ನು ಕೊಡಬೇಡಿ, ಗುಂಡುಗಳು ಕಿತ್ತು ಬರುತ್ತವೆ. ಕರ್ಲಿಂಗ್ ಪಂದ್ಯವನ್ನು ಒಮ್ಮೆಯೂ ನೋಡದವರಿಗೆ ಇದು ದುಬಾರಿ ಕೇರಂನಂತೆ ಕಾಣಬಹುದು. ಎರಡು ಪಂದ್ಯ ನೋಡಿ ಆಮೇಲೆ ಕೊಳ್ಳಿ. ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ; ಹಾಸು, ಪೊರಕೆಗಳನ್ನು ಲೆಕ್ಕದಿಂದ ಬಿಟ್ಟರೆ ನಾಲ್ಕು.

ಕರಾವಳಿಯವರಿಗೆ ಒಂದು ಸೂಚನೆ. ಜೂನ್ ಮೊದಲ ಮಳೆಗೇ ಗುಂಡುಗಳಿಗೆ ತುಕ್ಕು ಹಿಡಿಯಿತು. ಮನೆಯಲ್ಲಿದ್ದ ತೆಂಗಿನೆಣ್ಣೆ ಬಿಟ್ಟದ್ದು ತಪ್ಪಾಯಿತು. ಅದು ಕೇರಂ ಪುಡಿಯೊಂದಿಗೆ ಸೇರಿ ಅಂಟಾಗಿ ಬಿಲ್ಲೆಗಳು ಅಲ್ಲಾಡದಂತಾದವು. ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದೇ ಹನಿ ಬಿಟ್ಟ ಮೇಲೆ ಈಗ ಎಂಟೂ ಓಡುತ್ತಿವೆ.