ಮಳೆಗಾಲದ ಜಾರು ಏರಿಗೆ ಥಾರ್, ಜಿಮ್ನಿ, ಗೂರ್ಖಾ: ಯಾವುದು, ಯಾರ ಕೈಯಲ್ಲಿ?

ಜುಲೈನಲ್ಲಿ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದ ದಾರಿಗಳು ಗಾಡಿಯ ಎಂಜಿನ್ನಿಗಿಂತ ಟೈರನ್ನೇ ಹೆಚ್ಚು ಪರೀಕ್ಷಿಸುತ್ತವೆ. ಜಂಬಿಟ್ಟಿಗೆ ಮಣ್ಣು ದಿನಗಟ್ಟಲೆ ನೆನೆದರೆ ಮೇಲಿನ ಒಂದೆರಡು ಇಂಚು ಬೆಣ್ಣೆಯಂತಾಗುತ್ತದೆ, ಅದರಡಿ ನೆಲ ಗಟ್ಟಿಯಾಗಿಯೇ ಇರುತ್ತದೆ. ಟೈರು ಆ ಗಟ್ಟಿ ನೆಲವನ್ನು ಮುಟ್ಟಿದರೆ ಗಾಡಿ ಏರುತ್ತದೆ, ಮುಟ್ಟದಿದ್ದರೆ ನಿಂತಲ್ಲೇ ಚಕ್ರ ಸುತ್ತುತ್ತದೆ. ಹೀಗೆ ತೂಗಿದಾಗ ಬ್ರೋಶರ್ ನೋಡಿ ಹಾಕಿದ ಲೆಕ್ಕ ಬದಲಾಗುತ್ತದೆ.

ಥಾರ್, ಜಿಮ್ನಿ, ಗೂರ್ಖಾ ಎಂಬ ಈ ಮೂರು ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಕಡಿಮೆ ಶಕ್ತಿಯದು ಮಾರುತಿ ಜಿಮ್ನಿ: 1.5 ಲೀಟರ್ ಪೆಟ್ರೋಲ್, 134 ನ್ಯೂಟನ್ ಮೀಟರ್ ಟಾರ್ಕ್. ಆದರೆ ತೂಕ ಸುಮಾರು 1,200 ಕೆಜಿ ಅಷ್ಟೇ. 195 ಮಿಮೀ ಅಗಲದ ಸಪೂರ ಟೈರು ಕೆಸರನ್ನು ಸೀಳಿಕೊಂಡು ಕೆಳಗಿಳಿಯುತ್ತದೆ, ಅಗಲದ ಟೈರು ಅದರ ಮೇಲೆ ತೇಲುತ್ತದೆ. ಮುಂದೆ, ಹಿಂದೆ ಎರಡೂ ಕಡೆ ರಿಜಿಡ್ ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ದಂಡ) ಇರುವುದರಿಂದ ಕೊರಕಲಿನಲ್ಲೂ ಚಕ್ರಗಳು ನೆಲ ಬಿಡುವುದು ಕಡಿಮೆ. ಕೊರತೆ ಮೂರು. ಕಂಪನಿ ಹಾಕಿಕೊಡುವ ಹೈವೇ ಟೈರು ಈ ಮಣ್ಣಿಗೆ ಆಗದು, ಆಲ್ ಟೆರೇನ್ ಟೈರಿನ ಖರ್ಚನ್ನು ಗಾಡಿಯ ಬೆಲೆಗೇ ಸೇರಿಸಿಕೊಳ್ಳಿ. ಐದು ಬಾಗಿಲಿನ ಉದ್ದದಿಂದಾಗಿ ದಿಬ್ಬ ದಾಟಲು ಬೇಕಾದ ಹೊಟ್ಟೆಯ ಕೋನ 24 ಡಿಗ್ರಿ ಮಾತ್ರ, ದಿಬ್ಬದ ನೆತ್ತಿಯಲ್ಲಿ ತಳ ತಾಗುತ್ತದೆ. ಎಡಬಲದ ಚಕ್ರಗಳು ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಇಲ್ಲ, ಬದಲಿಗೆ ಸುತ್ತುವ ಚಕ್ರಕ್ಕೆ ಬ್ರೇಕ್ ಹಿಡಿದು ಅದೇ ಆಕ್ಸಲ್‌ನ ಇನ್ನೊಂದು ಚಕ್ರಕ್ಕೆ ಬಲ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಹೊಸಬರು ಎಡವುವುದು ಇಲ್ಲಿ. ಚಕ್ರ ಸುತ್ತಿತೆಂದು ಗಾಬರಿಯಿಂದ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಆ ವ್ಯವಸ್ಥೆ ಕೆಲಸ ಶುರು ಮಾಡುವ ಮೊದಲೇ ಗಾಡಿ ನಿಂತಿರುತ್ತದೆ. ಆಕ್ಸಲರೇಟರ್ ಅಲುಗಿಸದೆ ಎರಡು ಮೂರು ಸೆಕೆಂಡ್ ಹಿಡಿದುಕೊಳ್ಳಬೇಕು.

ಮಹೀಂದ್ರ ಥಾರ್‌ನ 2.2 ಡೀಸೆಲ್ 300 ನ್ಯೂಟನ್ ಮೀಟರ್ ಕೊಡುತ್ತದೆ, ಗ್ರೌಂಡ್ ಕ್ಲಿಯರೆನ್ಸ್ 226 ಮಿಮೀ. ಏರಿನಲ್ಲಿ ಬಲ ಸಾಲದು ಎನ್ನುವ ಮಾತೇ ಇಲ್ಲ. ತೊಂದರೆ ಆಗುವುದು ಬಲ ಹೆಚ್ಚಾಗಿಯೇ. ಲೋ ರೇಂಜ್ (ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರುಗಳು) ಮೊದಲ ಗೇರಿನಲ್ಲಿ ಸ್ವಲ್ಪ ಒತ್ತಿದರೂ ನಾಲ್ಕೂ ಚಕ್ರ ಸುತ್ತಿ ಟೈರಿನ ಹಲ್ಲುಗಳ ತುಂಬ ಕೆಸರು ಮೆತ್ತಿಕೊಳ್ಳುತ್ತದೆ, ಆಮೇಲೆ ಅದು ಬೋಳು ಟೈರೇ. ಜಾರು ಏರಿಗೆ ಲೋ ಎರಡನೇ ಗೇರು ಸರಿ. ಹಿಂದಿನ ಆಕ್ಸಲ್‌ನ ಮೆಕ್ಯಾನಿಕಲ್ ಲಾಕ್ ತಾನಾಗಿಯೇ ಬೀಳುತ್ತದೆ, ಆದರೆ ಎರಡು ಚಕ್ರಗಳ ವೇಗದಲ್ಲಿ ಸುಮಾರು 100 ಆರ್‌ಪಿಎಂ ವ್ಯತ್ಯಾಸ ಬಂದ ಮೇಲಷ್ಟೇ. ಅಂದರೆ ಒಂದು ಚಕ್ರವನ್ನು ಸ್ವಲ್ಪ ಸುತ್ತಲು ಬಿಡಬೇಕು. ಈ ಲಾಕ್ ಎಲ್ಲ ವೇರಿಯಂಟ್‌ಗಳಲ್ಲೂ ಸಿಗುವುದಿಲ್ಲ, ಬುಕ್ ಮಾಡುವ ಮುಂಚೆ ಖಾತ್ರಿ ಮಾಡಿಕೊಳ್ಳಿ.

ಫೋರ್ಸ್ ಗೂರ್ಖಾದ ಸಲಕರಣೆ ಉಳಿದೆರಡಕ್ಕಿಂತ ಗಟ್ಟಿ. ಮುಂದೂ ಹಿಂದೂ ಚಾಲಕನೇ ಹಾಕುವ ಲಾಕರ್ (ಡಿಫರೆನ್ಷಿಯಲ್ ಲಾಕ್), ಕಂಪನಿಯಿಂದಲೇ ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ), 700 ಮಿಮೀ ನೀರು ದಾಟುವ ಶಕ್ತಿ, 2024ರ ಗಾಡಿಯಲ್ಲಿ 320 ನ್ಯೂಟನ್ ಮೀಟರ್. ಕೊರಕಲಿನಲ್ಲಿ ಎರಡು ಚಕ್ರ ಗಾಳಿಯಲ್ಲಿದ್ದರೂ ಹೊರಬರುತ್ತದೆ. ಆದರೆ ಲಾಕರ್ ಯಾವಾಗ ತೆಗೆಯಬೇಕು ಎಂಬುದೂ ಗೊತ್ತಿರಬೇಕು. ಪಕ್ಕಕ್ಕೆ ಇಳಿಜಾರಾದ ದಾರಿಯಲ್ಲಿ ಹಿಂದಿನ ಲಾಕ್ ಹಾಕಿದ್ದರೆ ಎರಡೂ ಚಕ್ರ ಒಟ್ಟಿಗೆ ಹಿಡಿತ ಕಳೆದುಕೊಂಡು ಬಾಲ ಕೆಳಗಿನ ಬದಿಗೆ ಸರಿಯುತ್ತದೆ. ಮುಂದಿನ ಲಾಕ್ ಹಾಕಿದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ, ಹಾಗಾಗಿ ತಿರುವಿಗೆ ಮುಂಚೆ ತೆಗೆಯಿರಿ.

ಮೂರಕ್ಕೂ ಸೇರಿ ಹೆಚ್ಚು ಫಲ ಕೊಡುವ ಕೆಲಸಕ್ಕೆ ಖರ್ಚೇ ಇಲ್ಲ: ಟೈರಿನ ಗಾಳಿ ಇಳಿಸುವುದು. ಡಾಂಬರು ಮುಗಿದಲ್ಲೇ 18ರಿಂದ 20 ಪಿಎಸ್ಐಗೆ ತನ್ನಿ. 15ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಅಪಾಯವಿದೆ. ವಾಪಸು ತುಂಬಲು 12 ವೋಲ್ಟ್ ಪಂಪು ಗಾಡಿಯಲ್ಲೇ ಇರಲಿ. ಹಿಡಿತ ತಪ್ಪುವಾಗ ಸ್ಟೀರಿಂಗನ್ನು ಎಡಬಲಕ್ಕೆ ಕಾಲು ಸುತ್ತು ಬೇಗ ಬೇಗ ಆಡಿಸಿ. ಟೈರಿನ ಭುಜದ ಹಲ್ಲುಗಳು ಜಾಡಿನ ಗೋಡೆ ಕಚ್ಚುತ್ತವೆ, ಎಷ್ಟೋ ಸಲ ಉಳಿದ ಎರಡು ಮೀಟರ್ ಏರಲು ಅಷ್ಟೇ ಸಾಕು.

ಏರು ಅರ್ಧಕ್ಕೆ ನಿಂತಾಗ ಮಾಡುವ ತಪ್ಪಿನಿಂದ ಗಾಡಿ ಮಗುಚುತ್ತದೆ. ಕ್ಲಚ್ ಒತ್ತಿ ಉರುಳಲು ಬಿಡಬಾರದು, ಅಡ್ಡ ತಿರುಗಿಸಲಂತೂ ಕೂಡದು. ಮ್ಯಾನುಯಲ್ ಗಾಡಿಯಾದರೆ ಬ್ರೇಕ್ ಹಿಡಿದು ಎಂಜಿನ್ ಆಫ್ ಆಗಲು ಬಿಡಿ. ಬ್ರೇಕ್ ಬಿಡದೆ ಲೋ ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಚಕ್ರ ನೇರವಿದೆಯೇ ಎಂದು ಕಿಟಕಿಯಿಂದ ತಲೆ ಹಾಕಿ ನೋಡಿ. ಜಾಡಿನೊಳಗೆ ಸ್ಟೀರಿಂಗ್ ಹಿಡಿತದಿಂದ ಚಕ್ರದ ದಿಕ್ಕು ತಿಳಿಯುವುದಿಲ್ಲ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ನಿಧಾನವಾಗಿ ಬ್ರೇಕ್ ಸಡಿಲಿಸಿ ಎಂಜಿನ್ ಬಿಗಿತದಲ್ಲೇ ಬಂದ ಜಾಡಿನಲ್ಲಿ ಇಳಿಯಿರಿ. ಆಧುನಿಕ ಗಾಡಿಗಳಲ್ಲಿ ಸ್ಟಾರ್ಟ್ ಮಾಡಲು ಕ್ಲಚ್ ಒತ್ತಲೇಬೇಕು, ಆ ಕ್ಷಣದಲ್ಲಿ ಬ್ರೇಕ್ ಕಾಲು ಅಲ್ಲಾಡದಿರಲಿ. ಜಾರು ಇಳುಕಲಿನಲ್ಲಿ ಲೋ ಮೊದಲ ಗೇರು, ಎರಡೂ ಕಾಲು ಪೆಡಲ್‌ನಿಂದ ದೂರ. ಬಾಲ ಸರಿಯತೊಡಗಿದರೆ ಬ್ರೇಕ್ ಮುಟ್ಟದೆ ಸ್ವಲ್ಪವೇ ಆಕ್ಸಲರೇಟರ್ ಕೊಡಿ, ಚಕ್ರ ಮತ್ತೆ ಉರುಳತೊಡಗಿ ಗಾಡಿ ನೇರವಾಗುತ್ತದೆ.

ಕಲಿಯುವವರಿಗೆ ಟೈರು ಬದಲಿಸಿದ ಜಿಮ್ನಿಯೇ ನಮ್ಮ ಆಯ್ಕೆ. ಹಗುರವಾದ್ದರಿಂದ ತಪ್ಪು ಮಾಡಿದರೂ ಆಳಕ್ಕೆ ಹೂಳುವುದಿಲ್ಲ, ಹೂತರೂ ನಾಲ್ಕು ಜನ ಸೇರಿ ನೂಕಬಹುದು. ಸುಮಾರು ಎರಡು ಟನ್ನಿನ ಗೂರ್ಖಾ ಸಿಕ್ಕಿಕೊಂಡರೆ ವಿಂಚು ಅಥವಾ ಟ್ರ್ಯಾಕ್ಟರೇ ಬೇಕು. ತೋಟಕ್ಕೆ ದಿನವೂ ಗೊಬ್ಬರ, ಆಳು ಸಾಗಿಸುವವರು, ಕೊರಕಲು ದಾಟಲೇಬೇಕಾದವರು ಗೂರ್ಖಾ ತೆಗೆದುಕೊಳ್ಳಿ. ವಾರವೆಲ್ಲ ಬೆಂಗಳೂರಲ್ಲಿ ಓಡಿಸಿ ರಜೆಗೆ ಘಟ್ಟ ಹತ್ತುವವರಿಗೆ, ಆಟೋಮ್ಯಾಟಿಕ್ಕೂ ಬೇಕು ಡೀಸೆಲ್ಲೂ ಬೇಕು ಎನ್ನುವವರಿಗೆ ಥಾರ್.

ಯಾವುದೇ ಆಗಲಿ, ಡಾಂಬರಿಗೆ ಬಂದ ಕೂಡಲೇ 2ಎಚ್‌ಗೆ (ಎರಡೇ ಚಕ್ರಕ್ಕೆ ಬಲ ಹೋಗುವ ಸ್ಥಿತಿಗೆ) ಹಾಕಿ. ಮುಂದಿನ, ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಮೂರರಲ್ಲೂ ಇಲ್ಲ, ಹಿಡಿತವಿರುವ ರಸ್ತೆಯ ತಿರುವಿನಲ್ಲಿ ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಲ್ಲಿನ ಮೇಲೆ ಒತ್ತಡ ಬೀಳುತ್ತದೆ. 60 ಕಿಮೀ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟ್‌ಗೆ ಓಡುವ ಮೊದಲು ರಿಮ್ಮಿನ ಒಳಬದಿ ತೊಳೆಯಿರಿ, ಬಹಳ ಸಲ ಅಲ್ಲಿ ಒಣಗಿದ ಮಣ್ಣೇ ಕಾರಣ. ಹೊಳೆ ದಾಟಿದ್ದರೆ ಆಕ್ಸಲ್ ಎಣ್ಣೆ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಎಣ್ಣೆ ಬದಲಿಸಿ.