ಪ್ಲೇನೋದ ಪುಟ್ಟ ಗನ್ ಅಂಗಡಿ: ಪರಿಚಯದವರಿಂದ ಕೋವಿ ಕೊಳ್ಳುವ ಮೊದಲು ಇಲ್ಲಿ ಕೇಳಿ

ಟೆಕ್ಸಾಸ್‌ನಲ್ಲಿ ಕೋವಿ ಕೊಳ್ಳೋದು ತರಕಾರಿ ತಂದಷ್ಟೇ ಸುಲಭ ಅಂತ ನಮ್ಮವರಲ್ಲಿ ಒಂದು ಮಾತಿದೆ. ಮಾರುವವರು ಬೇರೆ ರಾಜ್ಯದಲ್ಲಿದ್ದರೆ, ಅದರಲ್ಲೂ ಕೊಳ್ಳುವವರು ವೀಸಾ ಮೇಲಿದ್ದರೆ, ಆ ಮಾತು ನಂಬಿ ಹೋದವರು ಜೈಲಿನವರೆಗೂ ಹೋಗಬಹುದು. ಅದಕ್ಕೇ ಈ ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ.

ನನಗೆ ಬೇಕಿದ್ದದ್ದು ಕ್ಲೇ ಟಾರ್ಗೆಟ್ (ಗಾಳಿಯಲ್ಲಿ ಹಾರಿಸುವ ಮಣ್ಣಿನ ಬಿಲ್ಲೆ) ಹೊಡೆಯಲು ಒಂದು ಪಂಪ್ ಶಾಟ್‌ಗನ್. ಹಿಂದೆ ನಮ್ಮ ಆಫೀಸಿನಲ್ಲಿದ್ದು ಈಗ ಒಕ್ಲಹೋಮಾದ ಟಲ್ಸಾದಲ್ಲಿರುವ ಸ್ನೇಹಿತರೊಬ್ಬರು ತಮ್ಮದನ್ನು ಕೊಡ್ತೀನಿ ಅಂದರು. ದುಡ್ಡು ಕಳಿಸಿ ಮನೆಗೆ ಪಾರ್ಸೆಲ್ ತರಿಸಿಕೊಳ್ಳುವ ಹಾಗಿಲ್ಲ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಬೇರೆ ಬೇರೆ ರಾಜ್ಯದ ಇಬ್ಬರು ಖಾಸಗಿ ವ್ಯಕ್ತಿಗಳ ನಡುವೆ ಕೋವಿ ಕೈ ಬದಲಾಯಿಸಬೇಕಾದರೆ ನಡುವೆ ಲೈಸೆನ್ಸ್ ಇರುವ ಡೀಲರ್ ಬೇಕೇ ಬೇಕು. ಇಲ್ಲಿ ಅಂಥ ಡೀಲರ್‌ಗೆ ಎಲ್ಲರೂ ಎಫ್‌ಎಫ್‌ಎಲ್ ಅಂತಾರೆ. ರೈಫಲ್, ಶಾಟ್‌ಗನ್ ಆದರೆ ಎರಡರಲ್ಲಿ ಯಾವ ರಾಜ್ಯದ ಡೀಲರ್ ಆದರೂ ನಡೆಯುತ್ತದೆ, ಪಿಸ್ತೂಲಾದರೆ ಮಾತ್ರ ಕೊಳ್ಳುವವನ ರಾಜ್ಯದ ಡೀಲರ್ ಮೂಲಕವೇ ಬರಬೇಕು.

ಇಷ್ಟನ್ನೂ ಈ ಅಂಗಡಿಯವರು ಫೋನಿನಲ್ಲೇ, ಒಂದು ಪೈಸೆ ಕೇಳದೆ, ನಿಧಾನವಾಗಿ ಬಿಡಿಸಿ ಹೇಳಿದರು. ಯುಪಿಎಸ್, ಫೆಡೆಕ್ಸ್ ಈಗ ಲೈಸೆನ್ಸ್ ಇಲ್ಲದವರಿಂದ ಕೋವಿ ಪಾರ್ಸೆಲ್ ತಗೊಳ್ಳಲ್ಲ, ಹಾಗಾಗಿ ನಿಮ್ಮ ಸ್ನೇಹಿತರು ತಮ್ಮ ಊರಿನ ಡೀಲರ್ ಹತ್ತಿರ ಕೊಟ್ಟು ನಮಗೆ ಕಳಿಸಲಿ, ಅದೇ ತಲೆನೋವಿಲ್ಲದ ದಾರಿ ಅಂದರು. ತಮ್ಮ ಲೈಸೆನ್ಸಿನ ಪ್ರತಿಯನ್ನು ಅವತ್ತೇ ಟಲ್ಸಾದ ಡೀಲರ್‌ಗೆ ಇಮೇಲ್ ಮಾಡಿದರು. ಟ್ರಾನ್ಸ್‌ಫರ್ ಫೀಸು 30 ಡಾಲರ್, ಕೌಂಟರ್ ಹಿಂದೆ ದೊಡ್ಡದಾಗಿ ಬರೆದು ಹಾಕಿದ್ದಾರೆ, ಕೊನೆಗೂ ಅಷ್ಟೇ ತಗೊಂಡರು.

ಪಾರ್ಸೆಲ್ ಬಂದ ಮೇಲೆ ನನ್ನೆದುರೇ ಸೀರಿಯಲ್ ನಂಬರನ್ನು ರಿಜಿಸ್ಟರ್‌ಗೆ ತಾಳೆ ನೋಡಿದರು, ಆಮೇಲೆ ಡೀಲರ್ ಹತ್ತಿರ ಕೋವಿ ಕೊಳ್ಳುವವರು ತುಂಬಬೇಕಾದ ಸರ್ಕಾರಿ ಅರ್ಜಿ, ಫಾರ್ಮ್ 4473 ಕೊಟ್ಟರು. ನಮ್ಮವರಿಗೆ ತೊಡಕಾಗುವುದು ಇಲ್ಲೇ. ಗ್ರೀನ್ ಕಾರ್ಡಿನಲ್ಲಿ ಅಪ್ಪನ ಹೆಸರು ಕೊನೆಗೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಬರೀ ಇನಿಷಿಯಲ್, ಎಷ್ಟು ಜನರದ್ದು ಹೀಗಿಲ್ಲ ಹೇಳಿ? ಕೌಂಟರ್‌ನಲ್ಲಿದ್ದ ಹಿರಿಯರು ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ನೋಡಿದರು. ಗ್ರೀನ್ ಕಾರ್ಡ್ ನಂಬರ್ ಯಾವ ಜಾಗಕ್ಕೆ ಬರೆಯಬೇಕು ಅಂತ ತೋರಿಸಿದರು. ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕೇಳಿದ ಕಡೆ ಕಂಟ್ರಿ ಬರೆದುಬಿಡ್ತಾರೆ, ನೋಡಿ ಬರೀರಿ ಅಂತ ಮೊದಲೇ ಎಚ್ಚರಿಸಿದರು. ಉತ್ತರಗಳನ್ನು ಮಾತ್ರ ಅವರು ಹೇಳಿಕೊಡಲ್ಲ, ಅದು ನಾವೇ ಓದಿ ನಾವೇ ಬರೆಯಬೇಕಾದ್ದು. ಆಮೇಲೆ ಎಫ್‌ಬಿಐ ನಡೆಸುವ ನಿಕ್ಸ್ ತಪಾಸಣೆ, ಅಂದರೆ ಕೊಳ್ಳುವವನ ಹಿನ್ನೆಲೆ ನೋಡುವುದು. 1998ರಿಂದ ಇರುವ ವ್ಯವಸ್ಥೆ ಇದು. ಒಪ್ಪಿಗೆ, ವಿಳಂಬ, ನಿರಾಕರಣೆ ಅಂತ ಮೂರರಲ್ಲಿ ಒಂದು ಉತ್ತರ ಬರುತ್ತದೆ. ನನಗೆ ಟೀ ಕುಡಿಯುವಷ್ಟರಲ್ಲಿ ಒಪ್ಪಿಗೆ ಬಂತು.

ಆದರೆ ಈ ಅಂಗಡಿ ಮೇಲೆ ನನಗೆ ಗೌರವ ಹುಟ್ಟಿದ್ದು ನನ್ನ ಕೆಲಸ ಮಾಡಿಕೊಟ್ಟಿದ್ದಕ್ಕಲ್ಲ. ಜೊತೆಗೆ ಬಂದಿದ್ದ ಗೆಳೆಯ ವಿರಾಜಪೇಟೆ ಕಡೆಯವನು. ಕೈಲ್ ಪೋಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಅಲ್ಲಿ ಲೈಸೆನ್ಸಿನಿಂದಲೇ ವಿನಾಯಿತಿ ಇದೆಯಲ್ವಾ. ಇವನಿಗೂ ಒಂದು ಕೋವಿ ಬೇಕು, ಆದರೆ ಇರೋದು ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ. "ಮಾರಾಯ, ನಿನ್ನ ಹೆಸರಲ್ಲಿ ಇನ್ನೊಂದು ತಗೊಂಡುಬಿಡು, ದುಡ್ಡು ನಾನು ಕೊಡ್ತೀನಿ" ಅಂದ. ಕನ್ನಡದಲ್ಲೇ ಅಂದಿದ್ದು, ಆದರೆ ನಾನು ಅದನ್ನೇ ಹಿರಿಯರ ಮುಂದಿಟ್ಟೆ. ಅವರು ಮುಖ ಗಂಟಿಕ್ಕಲಿಲ್ಲ, ಹೊರಗೆ ಹಾಕಲಿಲ್ಲ. ಫಾರ್ಮ್ ತಿರುಗಿಸಿ, ನಿಜವಾದ ಖರೀದಿದಾರ ನೀನೇನಾ ಅಂತ ಕೇಳುವ ಪ್ರಶ್ನೆ ತೋರಿಸಿದರು. ಕೊಳ್ಳಬಾರದವನ ಪರವಾಗಿ ಇನ್ನೊಬ್ಬ ಕೊಂಡರೆ 2022ರ ಕಾನೂನಿನಲ್ಲಿ 15 ವರ್ಷದವರೆಗೆ ಶಿಕ್ಷೆ, ಅದು ನಿಮ್ಮಿಬ್ಬರಿಗೂ ಬೇಡ ಅಂದರು. ಇಂಥ ಕೇಸಿನಲ್ಲಿ ತಪ್ಪಿತಸ್ಥರಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಕಳಿಸಬಹುದು ಅನ್ನೋದು ನಮ್ಮವರೆಲ್ಲ ತಿಳಿದಿರಬೇಕು.

ಅಷ್ಟಕ್ಕೇ ಬಿಡಲಿಲ್ಲ. ಎಚ್-1ಬಿಯವರು ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವಂತಿಲ್ಲ, ಆದರೆ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಅದನ್ನು ಮಾಡಿಸಿಕೊಂಡು ನಿನ್ನ ಹೆಸರಲ್ಲೇ ಬಾ ಅಂತ ಗೆಳೆಯನಿಗೆ ನೇರ ದಾರಿ ತೋರಿಸಿದರು. ಒಂದು ಮಾರಾಟ ಕೈತಪ್ಪಿದರೂ ಬೇಜಾರಿಲ್ಲದೆ ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ?

ಟೆಕ್ಸಾಸ್ ಒಳಗೇ ಇಬ್ಬರ ನಡುವೆ ಮಾರಾಟವಾದರೆ ಡೀಲರ್ ಕಡ್ಡಾಯವಲ್ಲ. ಆದರೂ ಗುರುತಿಲ್ಲದವರಿಗೆ ಮಾರುವವರು ಇಲ್ಲಿ ಬಂದು 30 ಡಾಲರ್ ಕೊಟ್ಟು ತಪಾಸಣೆ ಮಾಡಿಸಿಕೊಳ್ಳುವುದೇ ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ನೆಂಟರಿಗೆ ಈ ಆಯ್ಕೆಯೇ ಇಲ್ಲ. ಅಲ್ಲಿ ಖಾಸಗಿ ಮಾರಾಟವೂ ಡೀಲರ್ ಮೂಲಕವೇ, ಮೇಲೆ 10 ದಿನ ಕಾಯಬೇಕು.

ಕೊರತೆ ಇಲ್ಲ ಅಂತಲ್ಲ. ಜಾಗ ಚಿಕ್ಕದು, ಶನಿವಾರ ನಿಲ್ಲಲೂ ಆಗಲ್ಲ, ಪಾರ್ಕಿಂಗ್ ಕಷ್ಟ. ಪಾರ್ಸೆಲ್ ಬಂದಿದೆ ಅಂತ ಅವರಾಗಿ ಫೋನ್ ಮಾಡಲ್ಲ, ನಾವೇ ವಿಚಾರಿಸಬೇಕು. ವಾರದ ದಿನ ಬೆಳಗ್ಗೆ ಹೋಗಿ. ಮಾರುವವರ ಐಡಿ ಪ್ರತಿಯನ್ನು ಪೆಟ್ಟಿಗೆಯೊಳಗೆ ಇಡಲು ಮೊದಲೇ ಹೇಳಿಬಿಡಿ. ನಿಮ್ಮ ಡ್ರೈವಿಂಗ್ ಲೈಸೆನ್ಸಿನಲ್ಲಿ ಈಗಿನ ಮನೆ ವಿಳಾಸ ಇದೆಯಾ ಅಂತ ನೋಡಿಕೊಂಡೇ ಹೊರಡಿ, ಹಳೇ ವಿಳಾಸ ಇದ್ದರೆ ವಾಪಸ್ ಕಳಿಸ್ತಾರೆ.